ಕೂಸಿನ ಬಾಯಿಗ ಬೆಲ್ಲ ಹಚ್ಚೋದು ಬುಡಿ

ಕೂಸಿಗ ಆರು ತಿಂಗಳು ತುಂಬ್ತು ಅಂದರ ನಮ್ಮ ಕಡೆ ಅಟ್ಟಿಗಳಲ್ಲಿ ಮೊದಲು ಹೊರಗ ಬರೋದು ಬೆಲ್ಲದ ಡಬ್ಬ. ರಾಗಿ ಸರಿಗ ಬೆಲ್ಲ. ಹಿಸುಕಿದ ಅನ್ನಕ್ಕ ಹಾಲು ಸಕ್ಕರೆ. ಬಾಳೆಹಣ್ಣೇ ಸಿಹಿ, ಅದರ ಮ್ಯಾಲೂ ಒಂದು ಚಿಟಿಕೆ ಸಕ್ಕರೆ. ಸಾಯಂಕಾಲ ಆದರ ಹಾಲಲ್ಲಿ ನೆನೆಸಿದ ಬಿಸ್ಕತ್ತು. ಹಿಂಗ ಮೂರು ತಿಂಗಳು ಉಣ್ಸಿ, ಒಂಬತ್ತನೇ ತಿಂಗಳಲ್ಲಿ ಒಂದು ತುತ್ತು ಸೊಪ್ಪುಸಾರು ಅನ್ನ ಬಾಯಿಗ ಇಟ್ಟಾಗ ಕೂಸು ಉಗುಳಿದರ, "ನಮ್ ಕೂಸು ಸಾರು ಗೀರು ಏನೂ ಮುಟ್ಟಲ್ಲ ಕಣವ್ವ" ಅಂತ ಬೀದಿಗೆಲ್ಲ ಹೇಳ್ಕಂಡು ಬರ್ತೀರ. ಮುಟ್ಟದಂಗ ಕಲಿಸಿದೋರು ಯಾರು? ಕೂಸು ಹೊಟ್ಟೆಯಿಂದ ಬರೋವಾಗಲೇ ಬಿಸ್ಕತ್ತು ಕೇಳ್ಕಂಡು ಬಂತಾ?

ನಮ್ಮ ಮಾತಲ್ಲಿ ಊಟಕ್ಕ ಎರಡೇ ಜಾತಿ ಕಣ್ರವ್ವ, ಸಿಹಿ ಇಲ್ಲಾಂದರ ಖಾರ. ಎರಡೂ ಅಲ್ಲದ್ದಕ್ಕ ಸಪ್ಪೆ ಅಂತ ಹೆಸರಿಟ್ಟಿದ್ದೀವಿ. ಸಪ್ಪೆ ಅನ್ನೋದು ಬೈಗುಳ ಇದ್ದಂಗ. ಉಪ್ಪು ಖಾರ ಹಾಕದ ಬೇಳೆ ಕಟ್ಟನ್ನ ಅಜ್ಜಿ ಅಂಗೈ ಮ್ಯಾಲ ಒಂದು ಹನಿ ಬುಟ್ಕಂಡು ನೆಕ್ಕಿ, "ಥೂ, ಇದ ಹೆಂಗ ತಿಂದದು ಕೂಸು, ವಸಿ ಬೆಲ್ಲ ಹಾಕು" ಅಂತಾಳ. ಆ ಅಜ್ಜಿ ನಾಲಿಗೆ ಅರವತ್ತು ವರ್ಷ ಉಪ್ಸಾರಿನ ಖಾರ ತಿಂದ ನಾಲಿಗೆ. ಕೂಸಿನ ನಾಲಿಗೆಗ ಇನ್ನೂ ಏನೂ ಹತ್ತಿಲ್ಲ. ಅದಕ್ಕ ಬೇಳೆ ಬೇಳೆ ರುಚಿನೇ, ಕುಂಬಳಕಾಯಿ ಕುಂಬಳಕಾಯಿ ರುಚಿನೇ. ಸಪ್ಪೆ ಅಂತ ಗೊತ್ತಾಗೋಕ ಮೊದಲು ಉಪ್ಪು ಗೊತ್ತಿರ್ಬೇಕಲ್ಲ? ದೊಡ್ಡೋರ ನಾಲಿಗೆ ತಗಂಡು ಹೋಗಿ ಕೂಸಿನ ಬಾಯೊಳಗ ಇಟ್ಟು ನೋಡೋದ ಮೊದಲು ನಿಲ್ಲಿಸಿ.

ಸಿಹಿ ಇಷ್ಟಪಡೋದ ಯಾವ ಕೂಸಿಗೂ ಯಾರೂ ಕಲಿಸಬೇಕಾಗಿಲ್ಲ. ಹುಟ್ಟಿದ ದಿನದಿಂದ್ಲೇ ಅದು ಬಂದಿರ್ತದ, ತಾಯಿ ಹಾಲೂ ಸಿಹಿನೇ. ಕಲಿಸಬೇಕಾಗಿರೋದು ಸೊಪ್ಪಿನ ರುಚಿ, ಕಾಳಿನ ರುಚಿ, ರಾಗಿದೇ ಆದ ಒಗರು ರುಚಿ. ಕಲಿಯೋಕ ಆರು ತಿಂಗಳಿಂದ ಒಂದೂವರೆ ವರ್ಷದ ತನಕ ಒಳ್ಳೆ ಕಾಲ. ಆ ಕಾಲದಲ್ಲಿ ಎಲ್ಲದಕ್ಕೂ ಬೆಲ್ಲ ಬೆರೆಸಿ ಕೊಟ್ಟರ ಕೂಸು ರಾಗಿ ಕಲಿಯಲ್ಲ, ಬೆಲ್ಲ ಕಲಿತದ.

ಇನ್ನೊಂದು ಇಸ್ಯ, ಬಾಣಂತಿ ಪಥ್ಯದ್ದು. ತಾಯಿ ತಿಂದದ್ದರ ವಾಸನೆ ರುಚಿ ಎದೆಹಾಲಲ್ಲೂ ಬತ್ತದ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜೂಲಿ ಮೆನೆಲ್ಲಾ ಅನ್ನೋ ವಿಜ್ಞಾನಿ ಮತ್ತವರ ಜೊತೆಯವರು 1991ರಲ್ಲಿ ಹಾಲುಣಿಸೋ ತಾಯಂದಿರಿಗ ಬೆಳ್ಳುಳ್ಳಿ ಕೊಟ್ಟು ನೋಡಿದ್ರು. ಹಾಲಿಗ ಬೆಳ್ಳುಳ್ಳಿ ವಾಸನೆ ಬಂತು, ಕೂಸುಗಳು ಬ್ಯಾಡ ಅನ್ಲಿಲ್ಲ, ಇನ್ನೂ ಹೆಚ್ಚು ಹೊತ್ತು ಎದೆಗ ಅಂಟ್ಕಂಡಿದ್ವು. 2001ರಲ್ಲಿ ಇನ್ನೊಂದು ಬರೆದ್ರು. ಬಸುರಲ್ಲೋ ಬಾಣಂತನದಲ್ಲೋ ಕ್ಯಾರೆಟ್ ರಸ ಕುಡಿದ ತಾಯಂದಿರ ಕೂಸುಗಳು ಆಮ್ಯಾಲ ಕ್ಯಾರೆಟ್ ಬೆರೆಸಿದ ಗಂಜಿನ ಮುಖ ಹಿಂಡದಂಗ ತಿಂದ್ವು. ನಮ್ಮ ಅವ್ವಂದಿರು ಬಾಣಂತಿಗ ಬೆಳ್ಳುಳ್ಳಿ ಸುಟ್ಟು ಕೊಡೋದು ಸರಿಯಾಗೇ ಅದ. ಆದರ "ತರಕಾರಿ ತಿಂದರ ಕೂಸಿಗ ಶೀತ, ಸೊಪ್ಪು ತಿಂದರ ಕೂಸಿಗ ಭೇದಿ" ಅಂತ ತಿಂಗಳುಗಟ್ಲೆ ಅವಳಿಗ ಮೆಣಸಿನ ಸಾರು ಅನ್ನ ಬಿಟ್ಟು ಬ್ಯಾರೆ ಏನೂ ಕೊಡದೆ ಕೂಡ್ಸಿದರ, ಕೂಸು ಸೊಪ್ಪಿನ ರುಚಿನ ಎಲ್ಲಿ ನೋಡ್ಬೇಕು? ಅವಳಿಗೂ ಸೊಪ್ಪು ಕಾಳು ಹಾಕಿ, ಅವಳೂ ಒಂದು ಜೀವ.

ಇನ್ನು ಮುಖ ಹಿಂಡೋದು. ಕೂಸು ಮುಖ ಹಿಂಡಿದ ತಕ್ಷಣ ಬಟ್ಟಲು ಎತ್ಬುಟ್ಟು ಬೆಲ್ಲ ತರೋಕ ಓಡ್ತೀರಲ್ಲ, ಅದು ಬ್ಯಾಡ ಅಂತ ಹೇಳ್ಲಿಲ್ಲ ಕಣವ್ವ, ಹೊಸದು ಅಂತ ಹೇಳ್ತು. ಮೊದಮೊದಲು ನಾಲಿಗೆಲಿ ತುತ್ತನ್ನ ಹೊರಕ್ಕ ನೂಕೋದೂ ರುಚಿ ಸೇರದೆ ಅಲ್ಲ, ಹಾಲು ಚೀಪೋ ಅಭ್ಯಾಸದ ನಾಲಿಗೆ ಹಂಗೇ ಮಾಡೋದು. ಒಂದು ಹೊಸ ರುಚಿ ಒಪ್ಪೋಕ ಕೂಸಿಗ ಎಂಟು ಹತ್ತು ಸಲ, ಕೆಲವಕ್ಕ ಹದಿನೈದು ಸಲ ಬೇಕಾಯ್ತದ ಅಂತ ಈ ಇಸ್ಯ ಓದಿದೋರು ಹೇಳ್ತಾರ. ನೀವು ಎಷ್ಟು ಸಲ ಕೊಟ್ಟಿರಿ? ಎರಡು. ಎರಡು ದಿನದಲ್ಲಿ ಕೂಸಿನ ಮ್ಯಾಲ ತೀರ್ಪು ಬರ್ದು, ಮೊಹರು ಒತ್ಬುಟ್ರಿ. ಹಂಗಂತ ಬಾಯಿ ಹಿಡ್ದು ತುರುಕೋದೂ ಬ್ಯಾಡ. ಇವತ್ತು ಒಂದೇ ಚಮಚ ತಿಂತಾ, ಸಾಕು. ನಾಡಿದ್ದು ಅದನ್ನೇ ಇನ್ನೊಂದು ಸಲ ತೋರ್ಸಿ.

"ತಿಂದರ ಸಾಕು, ಸಿಹಿಯಾದರೇನು ಖಾರವಾದರೇನು, ಹೊಟ್ಟೆ ತುಂಬ್ಲಿ" ಅನ್ನೋರಿಗ ಹೇಳ್ತೀನಿ ಕೇಳಿ. ಹುಟ್ಟುವಾಗ ತಾಯಿಯಿಂದ ತಂದ ಕಬ್ಬಿಣಾಂಶ ಕೂಸಿಗ ಹೆಚ್ಚು ಕಮ್ಮಿ ಆರು ತಿಂಗಳಿಗ ಮುಗೀತಾ ಬತ್ತದ. ಎದೆಹಾಲಲ್ಲಿ ಅದು ಕಮ್ಮಿ, ಹಸೀನ ಹಾಲಲ್ಲೂ ಕಮ್ಮಿ. ಆಮ್ಯಾಲ ಅದು ಬರಬೇಕಾದ್ದು ಊಟದಿಂದ್ಲೇ, ಅಂದರ ಕಾಳು, ಸೊಪ್ಪು, ಮೊಟ್ಟೆ, ಬಾಡು. ಒಂದಾದರೂ ಸಿಹಿ ಅದಾ ಇದರಲ್ಲಿ? 2019-20ರಲ್ಲಿ ಸರ್ಕಾರದೋರು ಮಾಡಿದ ಕುಟುಂಬ ಆರೋಗ್ಯ ಸಮೀಕ್ಷೆಲಿ ಕರ್ನಾಟಕದ ಆರು ತಿಂಗಳಿಂದ ಐದು ವರ್ಷದ ತನಕದ ಮಕ್ಕಳಲ್ಲಿ 100ಕ್ಕ 65 ಮಕ್ಕಳಿಗ ರಕ್ತ ಕಮ್ಮಿ ಅಂತ ಬಂತು. ಅದಕ್ಕಿಂತ ಮುಂಚಿನ ಸಮೀಕ್ಷೆಲಿ 61 ಇತ್ತು. ಹೆಚ್ಚಾಗದ, ಕಮ್ಮಿ ಆಗಿಲ್ಲ. ಕೂಸಿನ ಹೊಟ್ಟೆ ಅಂದರ ಎಷ್ಟವ್ವ, ಅದರ ಮುಷ್ಟಿಯಷ್ಟು. ಅದನ್ನ ಹಾಲು ಬಿಸ್ಕತ್ತಲ್ಲಿ ತುಂಬ್ಸಿದ ಮ್ಯಾಲ ಕಾಳಿಗ ಜಾಗ ಎಲ್ಲದ? ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣದ ಹಿಂದ್ಗಡೆ ಓದಿ ನೋಡಿ, 100 ಗ್ರಾಮಿಗ 25 ಗ್ರಾಮಿನ ಆಜುಬಾಜು ಸಕ್ಕರೆ, ಮಿಕ್ಕಿದ್ದು ಮೈದಾ, ಎಣ್ಣೆ. ಇದು ಕೂಸಿನ ಊಟನಾ?

2024ರ ಏಪ್ರಿಲಲ್ಲಿ ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಅನ್ನೋ ಸಂಸ್ಥೆ ಒಂದು ಇಸ್ಯ ಹೊರಗ ಹಾಕ್ತು. ನಮ್ಮ ದೇಶದಲ್ಲಿ ಮಾರೋ ಸೆರೆಲ್ಯಾಕಲ್ಲಿ ಒಂದು ಸಲದ ಊಟಕ್ಕ ಸರಾಸರಿ 2.7 ಗ್ರಾಂ ಸಕ್ಕರೆ ಸೇರ್ಸವ್ರ, ಜರ್ಮನಿ ಇಂಗ್ಲೆಂಡಲ್ಲಿ ಮಾರೋದಕ್ಕ ಸೇರ್ಸಿಲ್ಲ ಅಂತ. ಐದು ವರ್ಷದಿಂದ ಕಮ್ಮಿ ಮಾಡ್ತಾ ಬಂದಿದ್ದೀವಿ ಅಂತು ಕಂಪನಿ, ಆಮ್ಯಾಲ ಸಕ್ಕರೆ ಹಾಕದ ಬಗೆನೂ ತರ್ತೀವಿ ಅಂತು. ಆಗ ನಮ್ಮ ಹೆಂಗಸರೆಲ್ಲ ಫೋನಲ್ಲಿ ಆ ಸುದ್ದಿ ಹಂಚಿದ್ದೇ ಹಂಚಿದ್ದು, ಬೈದದ್ದೇ ಬೈದದ್ದು. ಬೈಯ್ಯಬೇಕಾದ್ದೇ, ಬಿಳಿ ಕೂಸಿಗ ಒಂದು ನ್ಯಾಯ ನಮ್ಮ ಕೂಸಿಗ ಒಂದು ನ್ಯಾಯನಾ? ಆದರ ಅದೇ ಹೊತ್ತಿಗ ಅಡಿಗೆ ಮನೆಲಿ ಏನು ನಡೀತಿತ್ತು? ಒಂದು ಚಮಚ ಬೆಲ್ಲದ ಪುಡಿ ಅಂದರ 5 ಗ್ರಾಂ ಆಯ್ತದ. ಪೊಟ್ಟಣದಲ್ಲಿ ಇದ್ದದ್ದಕ್ಕ ಹತ್ತತ್ರ ಎರಡರಷ್ಟು. ಅದನ್ನ ಹಾಕಿದ ಕೈ ಯಾವ ದೇಶದ ಕಂಪನಿದು?

ಬೆಲ್ಲ ಬ್ಯಾರೆ ಸಕ್ಕರೆ ಬ್ಯಾರೆ ಅನ್ನೋರು ಬಾಳ ಜನ. ಬೆಲ್ಲದಲ್ಲೂ ಮುಕ್ಕಾಲು ಪಾಲಿಗಿಂತ ಹೆಚ್ಚು ಸಕ್ಕರೆನೇ ಇರೋದು. ಅದರ ಕಬ್ಬಿಣಾಂಶ ನಂಬ್ಕಂಡು ಕೂಸಿಗ ರಕ್ತ ತರ್ಸೋಕ ಹೋದರ ಅಚ್ಚುಗಟ್ಲೆ ತಿನ್ಸಬೇಕು. ಆಲೆಮನೆ ಇರೋ ಊರಲ್ಲಿ ಬೆಲ್ಲ ಬೈದರ ಕ್ವಾಪ ಬತ್ತದ, ಗೊತ್ತು. ದೊಡ್ಡೋರು ತಿನ್ಲಿ, ನಾನೂ ತಿಂತೀನಿ. ಜೇನುತುಪ್ಪ ಮಾತ್ರ ವರ್ಷ ತುಂಬೋ ತನಕ ಹನಿನೂ ಬ್ಯಾಡ, ನಾಲಿಗೆಗ ಸವರೋ ಶಾಸ್ತ್ರಕ್ಕೂ ಬ್ಯಾಡ. ಬೊಟುಲಿಸಂ ಅನ್ನೋ ಕಾಯಿಲೆ ತರೋ ಕ್ರಿಮಿ ಅದರಲ್ಲಿ ಇರಬೌದು, ಕೂಸಿನ ಕರುಳಿಗ ಅದನ್ನ ತಡಿಯೋ ಶಕ್ತಿ ಇರಲ್ಲ. ಬೆಟ್ಟದ ಜೇನು, ಅಸಲಿ ಜೇನು ಅಂದರೂ ಅಷ್ಟೇ.

"ನಾವೆಲ್ಲ ಹಂಗೇ ತಿಂದು ಬೆಳೀಲಿಲ್ವಾ?" ಇಲ್ಲ ಕಣವ್ವ, ಹಂಗ ತಿಂದು ಬೆಳೀಲಿಲ್ಲ. ನಮ್ಮ ಅವ್ವಂದಿರ ಕಾಲದಲ್ಲಿ ಬಡವರ ಅಟ್ಟಿಲಿ ಬೆಲ್ಲ ಹಬ್ಬಕ್ಕ ಬರ್ತಿತ್ತು. ದಿನಾ ಇದ್ದದ್ದು ಅಂಬಲಿ, ಮುದ್ದೆ, ಬೆಂದ ಹುರುಳಿಕಾಳು, ಬೇಲಿ ಸೊಪ್ಪು. ಮಡಿಲಲ್ಲಿದ್ದ ಕೂಸಿನ ಬಾಯಿಗೂ ಅದರಲ್ಲೇ ಒಂದು ಬೆಳ್ಳಷ್ಟು ಮುದ್ದೆ. ಹಳೇ ಪದ್ಧತಿ ಅಂತ ನೀವು ಹೇಳೋ ಸಿಹಿ ಸರಿ, ಬಿಸ್ಕತ್ತು, ಅಂಗಡಿ ಬಂದ ಮ್ಯಾಲಿನ ಪದ್ಧತಿ.

ನನಗ ಹೊಟ್ಟೆ ಉರಿಯೋದು ಇದಕ್ಕ. ಗುಂಡ್ಲುಪೇಟೆ, ತೆರಕಣಾಂಬಿ ಸುತ್ತ ನಾವು ಬೆಳೆಯೋ ಬೀನ್ಸು, ಕುಂಬಳ, ಬೀಟ್‌ರೂಟು, ನೇಂದ್ರ ಬಾಳೆ ಲಾರಿಗಟ್ಲೆ ಬಂಡೀಪುರ ದಾಟಿ ಕೇರಳಕ್ಕ ಹೋಯ್ತದ. ಅಲ್ಲಿಯ ಕೂಸು ನಮ್ಮ ಹೊಲದ್ದ ತಿಂತದ. ಬೆಳೆದೋಳ ಮಡಿಲಲ್ಲಿರೋ ಕೂಸು ಬಿಸ್ಕತ್ತು ಚೀಪ್ತದ. ಗಾಡಿ ತುಂಬಿಸೋವಾಗ ಒಂದು ಹೋಳು ಕುಂಬಳ ಮನೆಲಿ ಉಳಿಸ್ಕಳೋಕ ಏನು ಕಷ್ಟ?

ಮಾಡೋದು ಹೆಂಗ ಅಂದರ, ಕೂಸಿಗ ಅಂತ ಬ್ಯಾರೆ ಅಡಿಗೆನೇ ಬ್ಯಾಡ. ಬಸ್ಸಾರಿಗ ಕಾಳು ಸೊಪ್ಪು ಬೇಯೋಕ ಇಡ್ತೀರಲ್ಲ, ಉಪ್ಪು ಹಾಕೋಕ ಮುಂಚೆ ಒಂದು ಸೌಟು ಎತ್ತಿಡಿ. ಅವರೆಕಾಳಾದರ ಇದುಕಿ ಸಿಪ್ಪೆ ತೆಗೀರಿ, ಹುರುಳಿಯಾದರ ನುಣ್ಣಗ ಅರೆದು ಸೋಸಿ. ಇಡೀ ಕಾಳು ಕೊಡಬ್ಯಾಡಿ, ಗಂಟಲಿಗ ಸಿಕ್ಕಾಕತ್ತದ. ಬೆಂದ ಸೊಪ್ಪನ್ನ ಅದರ ಜೊತೆಗೇ ಕಿವುಚಿ, ಮೆತ್ತಗಿನ ಅನ್ನವೋ ಮುದ್ದೆಯೋ ಸೇರ್ಸಿ, ಒಂದು ಚಮಚ ತುಪ್ಪ. ಖಾರ ಬ್ಯಾಡ ಅಂದ ಮಾತ್ರಕ್ಕ ವಾಸನೆನೂ ಬ್ಯಾಡ ಅಂತಲ್ಲ. ಜೀರಿಗೆ, ಬೆಂದ ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ಚಿಟಿಕೆ ಇಂಗು, ನಮ್ಮ ಹೊಲದ ಅರಿಶಿಣ, ಎಲ್ಲ ಹಾಕಬೌದು. ಕೊನೇಲಿ ಎರಡು ಹನಿ ನಿಂಬೆರಸ ಬುಟ್ಟರ ಕಾಳಿನ ಕಬ್ಬಿಣಾಂಶ ಮೈಗ ಚೆನ್ನಾಗಿ ಹತ್ತದ. ನೀರುನೀರು ಮಾಡಬ್ಯಾಡಿ, ಚಮಚ ಓರೆ ಮಾಡಿದರ ಸುರಿಯದಂಗ ಇರಬೇಕು. ಮೊಟ್ಟೆ ತಿನ್ನೋ ಅಟ್ಟಿಗಳಲ್ಲಿ ಆರು ತಿಂಗಳಿಂದ್ಲೇ ಚೆನ್ನಾಗಿ ಬೇಯಿಸಿದ ಮೊಟ್ಟೆ ಹಿಸುಕಿ ಕೊಡಬೌದು. ಉಪ್ಪಿನ ಲೆಕ್ಕನೂ ಹೇಳ್ಬುಡ್ತೀನಿ, ವರ್ಷದೊಳಗಿನ ಕೂಸಿಗ ದಿನಕ್ಕ ಒಂದು ಗ್ರಾಮೂ ಬ್ಯಾಡ, ಹಾಲಲ್ಲಿ ಊಟದಲ್ಲಿ ತಾನಾಗೇ ಇರೋದೇ ಸಾಕು. ಹಪ್ಪಳ ಉಪ್ಪಿನಕಾಯಿ ನೆಕ್ಸಿ ನಗೋ ಆಟ ಬುಡಿ.

ಆಗಲೇ ಸಿಹಿಗ ಬಿದ್ದಿರೋ ಕೂಸಾದರ ಒಂದೇ ದಿನಕ್ಕ ಕಿತ್ಕಳಬ್ಯಾಡಿ, ರಂಪ ಮಾಡ್ತದ. ಮೂರು ನಾಕು ದಿನಕ್ಕೊಂದು ಸಲ ಬೆಲ್ಲ ಅರ್ಧ ಮಾಡ್ತಾ ಬನ್ನಿ, ಹದಿನೈದಿಪ್ಪತ್ತು ದಿನದಲ್ಲಿ ಅದರ ಪಾಡಿಗ ಮರ್ತೋಯ್ತದ. ಸಾರನ್ನ ಹಾಲು ಕುಡಿಯೋಕ ಮುಂಚೆ, ಹಸಿವಾಗಿ ಇನ್ನೂ ಅಳೋಕ ಶುರು ಮಾಡದ ಹೊತ್ತಲ್ಲಿ ಕೊಡಿ. ನೀವು ಉಣ್ಣೋವಾಗ ಪಕ್ಕ ಕೂಡ್ಸ್ಕಳಿ, ನೀವು ತಿನ್ನೋದ ನೋಡ್ಲಿ, ತಟ್ಟೆಗ ಕೈ ಹಾಕ್ಲಿ, ಮೈಯೆಲ್ಲ ಮೆತ್ಕಳ್ಳಿ. ಸೀರೆ ಒಗೀಬೌದು.

ಕೂಸು ನೋಡೋಕ ಅಂತ ಬರೋ ಅಕ್ಕಪಕ್ಕದೋರಿಗೂ ಒಂದು ಮಾತು. ಬರಿಗೈಲಿ ಬರಬಾರದು ಅಂತ ಬಿಸ್ಕತ್ತು ಪೊಟ್ಟಣ ಹಿಡ್ಕಂಡು ಬರಬ್ಯಾಡಿ. ಹಿತ್ತಲ ನುಗ್ಗೆಸೊಪ್ಪು ಒಂದು ಹಿಡಿ ಮುರ್ಕಂಡು ಬನ್ನಿ, ನಾಟಿ ಕೋಳಿ ಇದ್ದರ ಎರಡು ಮೊಟ್ಟೆ ತನ್ನಿ. ಆಗಲೇ ತಂದಿಟ್ಟಿರೋ ಬಿಸ್ಕತ್ತ ಕಾಫಿ ಜೊತೆಗ ನಾವು ನಾವೇ ತಿಂದು ಮುಗಿಸಣ.