ಕತ್ತಿ ಹಿಡಿದ ಮೇಲೆ ಬಿಟ್ಟ ಮಾತು

ಕಳೆದ ವರ್ಷ ದಸರೆ ಮುಗಿದ ಮೇಲಿನ ಒಂದು ಭಾನುವಾರ. ಪುಣೆಯ ವಾಕಡ್‌ನ ನಮ್ಮ ಫ್ಲ್ಯಾಟಿನಲ್ಲಿ ಕನ್ನಡಿಯ ಮುಂದೆ ಮಡಚುವ ಕತ್ತಿ ಹಿಡಿದು ನಿಂತಿದ್ದೆ. ಹಳೆಯ ಕಾಲದ ಕ್ಷೌರದ ಕತ್ತಿ. ಬ್ಲೇಡು ಬದಲಿಸುವ ಮಾತಿಲ್ಲ, ಇಡೀ ಅಲಗೇ ಬ್ಲೇಡು. ಕೊಂಡು ಎರಡು ವಾರವಾಗಿತ್ತು. ಬಲಗೆನ್ನೆ ಹೇಗೋ ಮುಗಿಯಿತು. ಎಡಕ್ಕೆ ಹೊರಳುವಷ್ಟರಲ್ಲಿ ಗದ್ದದ ಮೂಲೆಯಲ್ಲಿ ರಕ್ತ. ಪಟಿಕ ಒತ್ತಿದೆ. ಬೇಗ ನಿಲ್ಲಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಅರ್ಧ ಗಡ್ಡ ಇಟ್ಕೊಂಡು ನಾಳೆ ಆಫೀಸಿಗೆ ಹೋಗ್ತೀರೇನು? ಅಂಗಡಿಗೆ ಹೋಗ್ರಿ" ಎಂದಳು. ಮರುದಿನ ಸೋಮವಾರ. ನಮ್ಮ ಗದಗಿನ ಕಡೆ ಕಟಿಂಗ್ ಅಂಗಡಿಗೆ ಮಂಗಳವಾರ ರಜೆ, ಇಲ್ಲಿ ಸೋಮವಾರ. ಹೋಗಲೇಬೇಕಾಯಿತು.

ನಮ್ಮ ಓಣಿಯ ಆ ಅಂಗಡಿಗೆ ಮೂರು ವರ್ಷದಿಂದ ಹೋಗುತ್ತಿದ್ದೇನೆ. ನಡೆಸುವವರಿಗೆ ಐವತ್ತೈದು ದಾಟಿರಬಹುದು. ಎಲ್ಲರಿಗೂ ಅವರು ಕಾಕಾ, ನನಗೂ. ನಮ್ಮ ಮಾತುಕತೆಯೆಲ್ಲ ನನ್ನ ಹರಕು ಮರಾಠಿಯಲ್ಲಿ. ಆ ದಿನ ನನ್ನ ಮುಖ ನೋಡಿ ನಕ್ಕರು, ನೊರೆ ಹಚ್ಚಿದರು, ಎಡಗೆನ್ನೆ ಹಿಡಿದರು. ಅಷ್ಟರಲ್ಲಿ ಹುಬ್ಬಳ್ಳಿಯ ಗೆಳೆಯನ ಫೋನು. ಸ್ಪೀಕರ್ ಹಾಕಿದೆ. "ಏನ್ ನಡಸೀಯೋ?" ಎಂದ. "ಏನಿಲ್ಲೋ, ಶುಕ್ರವಾರದಿಂದ ಅದ ರಿಪೋರ್ಟು ಮತ್ತ ಮತ್ತ ಮಾಡಸಾಕತ್ಯಾರ. ಬರೇ ಹಜಾಮತಿ ಕೆಲಸ" ಎಂದೆ.

ಕತ್ತಿ ನಿಂತಿತು. ಒಂದು ಗಳಿಗೆ ಅಷ್ಟೇ, ಆಮೇಲೆ ಮತ್ತೆ ನಡೆಯಿತು. ಮುಗಿಸಿ, ಮುಖ ಒರೆಸಿ, ಟವೆಲ್ ಝಾಡಿಸುತ್ತ ಕಾಕಾ ಕನ್ನಡದಲ್ಲಿ ಕೇಳಿದರು: "ಯಾ ಊರ್ರೀ ನಿಮ್ದು?"

ಅವರದು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನ ಹಳ್ಳಿ. ಮನೆಮಾತು ಕನ್ನಡ. ನಾನು ಆಡಿದ ಮಾತಿನ ಬಗ್ಗೆ ಏನೂ ಅನ್ನಲಿಲ್ಲ. ನನಗೂ ನಾಲಿಗೆ ಏಳಲಿಲ್ಲ. ದುಡ್ಡು ಕೊಟ್ಟು ಮನೆಗೆ ಬಂದೆ.

ಊರು ಬಿಟ್ಟು ಬಂದ ನಮಗೆಲ್ಲ ಈ ಚಟ ಇದೆ. ಲಿಫ್ಟಿನಲ್ಲಿ, ರೈಲಿನಲ್ಲಿ, ಯಾರಿಗೂ ತಿಳಿಯುವುದಿಲ್ಲವೆಂದು ಕನ್ನಡದಲ್ಲಿ ಬಾಯಿ ಸಡಿಲ ಬಿಡುತ್ತೇವೆ. ಸಿಕ್ಕಿಬಿದ್ದ ನಾಚಿಕೆ ಎರಡು ದಿನದಲ್ಲಿ ಹೋಯಿತು. ಹೋಗದೆ ಉಳಿದದ್ದು ಬೇರೆ. ಬೆಳಗ್ಗೆ ಅರ್ಧ ತಾಸು ಹೆಣಗಿದರೂ ಎರಡು ಕೆನ್ನೆ ಮುಗಿಸಲಾಗದ ನಾನು, ಐದು ನಿಮಿಷದಲ್ಲಿ ಅದನ್ನು ಮುಗಿಸುವವರ ಮುಂದೆ ಕುಳಿತು, ಅವರ ಕೆಲಸದ ಹೆಸರನ್ನೇ 'ಕೆಲಸಕ್ಕೆ ಬಾರದ ಕೆಲಸ' ಎಂಬ ಅರ್ಥದಲ್ಲಿ ಬಳಸಿದ್ದೆ.

ಕತ್ತಿ ಕೊಂಡದ್ದು ಶೋಕಿಗೆ ಎಂದು ಒಪ್ಪಿಕೊಳ್ಳುತ್ತೇನೆ. ಸಹೋದ್ಯೋಗಿಯೊಬ್ಬರು ಜರ್ಮನಿಯ ಝೋಲಿಂಗೆನ್ ಊರಿನ ಕತ್ತಿಯೊಂದನ್ನು ತೋರಿಸಿದ್ದರು. ನನಗೂ ಆಸೆಯಾಯಿತು. ಕತ್ತಿ, ಚರ್ಮದ ಪಟ್ಟಿ, ಬ್ರಷ್ಷು, ಸೋಪು ಸೇರಿ 12 ಸಾವಿರ ಹೋಯಿತು. ಕಲಿಯುವುದು ಇಷ್ಟು ಕಷ್ಟವೆಂದು ಯಾರೂ ಹೇಳಿರಲಿಲ್ಲ. ಅಥವಾ ಹೇಳಿದ್ದರು, ನಾನು ಕೇಳಿಸಿಕೊಂಡಿರಲಿಲ್ಲ. ಅಲಗು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಲ್ಲಿರಬೇಕು. ಹೆಚ್ಚು ಎತ್ತಿದರೆ ಚರ್ಮ ಕೆರೆಯುತ್ತದೆ, ತೀರ ಮಲಗಿಸಿದರೆ ಕೂದಲು ಕತ್ತರಿಸದೆ ಎಳೆಯುತ್ತದೆ. ಅಡ್ಡಡ್ಡ ಸ್ವಲ್ಪ ಜಾರಿದರೂ ಗಾಯ. ಪ್ರತಿ ಸಲ ಗಡ್ಡಕ್ಕೆ ಹಚ್ಚುವ ಮೊದಲು ಚರ್ಮದ ಪಟ್ಟಿಯ ಮೇಲೆ 40-50 ಸಲ ಎಳೆಯಬೇಕು, ಅದೂ ಕತ್ತಿಯ ಬೆನ್ನು ಮುಂದಾಗಿ. ತುದಿಯಲ್ಲಿ ತಿರುವಿ ಹಾಕುವಾಗ ಬೆನ್ನಿನ ಮೇಲೆಯೇ ಹೊರಳಿಸಬೇಕು. ನಾನು ಮೊದಲ ವಾರವೇ ಅಲಗಿನ ಮೇಲೆ ಹೊರಳಿಸಿ ಹೊಸ ಪಟ್ಟಿಯನ್ನು ಕೊಯ್ದಿಟ್ಟೆ. ಉಕ್ಕು ಕಾರ್ಬನ್ನಿನದು. ಈ ಮಳೆಗಾಲದಲ್ಲಿ ಒಂದು ರಾತ್ರಿ ಒರೆಸದೆ ಬಿಟ್ಟಿದ್ದಕ್ಕೆ ಬೆಳಗ್ಗೆ ತುಕ್ಕಿನ ಚುಕ್ಕೆ.

ಮುಂದಿನ ಭಾನುವಾರ ಆ ಕತ್ತಿಯನ್ನೇ ತೆಗೆದುಕೊಂಡು ಅಂಗಡಿಗೆ ಹೋದೆ. "ಕಾಕಾ, ಅವತ್ತು ತಪ್ಪು ಮಾತಾಡಿದೆ" ಎಂದೆ. "ಇರ್ಲಿ ಬಿಡ್ರಿ, ಎಲ್ಲಾರೂ ಅಂತಾರ" ಎಂದರು. ಬೈದಿದ್ದರೆ ವಾಸಿಯಿತ್ತು.

ಕತ್ತಿಯನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರು. ಅವರ ತಂದೆಯ ಬಳಿ ಇಂಥದೇ ಇತ್ತಂತೆ. ಊರಲ್ಲಿ ಪೆಟ್ಟಿಗೆಯಲ್ಲಿದೆ. ಅಂಗಡಿಯಲ್ಲಿ ಅದನ್ನು ಬಳಸುವಂತಿಲ್ಲ. ಒಬ್ಬರ ರಕ್ತ ಇನ್ನೊಬ್ಬರಿಗೆ ತಾಗಿ ರೋಗ ಹರಡುವ ಭಯ ಬಂದ ಮೇಲೆ ಎಲ್ಲ ಕಡೆ ಬ್ಲೇಡನ್ನು ಎರಡು ತುಂಡು ಮಾಡಿ ಅರ್ಧ ಸಿಕ್ಕಿಸುವ ಹಿಡಿಕೆಯೇ. ಅವರು ಕಲಿತದ್ದು ಬಲೂನಿನ ಮೇಲೆ. ಊದಿದ ಬಲೂನಿಗೆ ನೊರೆ ಹಚ್ಚಿ, ಒಡೆಯದಂತೆ ನೊರೆ ತೆಗೆಯಬೇಕು. ಆಮೇಲೆ ನನಗೆ ಹೇಳಿದ್ದು ಇಷ್ಟು: "ಕತ್ತಿ ಹಿಡಿಯೂ ಕೈ ಆಮ್ಯಾಲ. ಚರ್ಮ ಹಿಡಿಯೂ ಕೈ ಮೊದಲ ಕಲೀರಿ." ನಾನು ಅದುವರೆಗೆ ಎಡಗೈಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಕಿವಿಯ ಬಳಿ ಚರ್ಮವನ್ನು ಮೇಲಕ್ಕೆ ಎಳೆದು ಹಿಡಿದ ದಿನ ಕತ್ತಿ ಮೊದಲ ಸಲ ಸದ್ದಿಲ್ಲದೆ ಇಳಿಯಿತು. ಕಲಿಯಬೇಕೆನ್ನುವವರು ಮೊದಲೆರಡು ವಾರ ಕೆನ್ನೆ ಬಿಟ್ಟು ಬೇರೆಡೆ ಹೋಗಬೇಡಿ. ಉಳಿದದ್ದನ್ನು ಮಾಮೂಲಿ ರೇಜರಿನಲ್ಲಿ ಮುಗಿಸಿ.

'ಹಜಾಮ' ಎಂಬ ಪದದ ಮೂಲ ಅರಬ್ಬಿಯ ಹಜ್ಜಾಮ್. ಬಟ್ಟಲು ಹಚ್ಚಿ ಕೆಟ್ಟ ರಕ್ತ ತೆಗೆಯುವವನು ಎಂದರ್ಥ, ಅಂದರೆ ಒಂದು ಬಗೆಯ ವೈದ್ಯ. ನಮ್ಮ ಹಳ್ಳಿಗಳಲ್ಲೂ ಕುರು ಕೊಯ್ದು ಕೀವು ತೆಗೆಯುತ್ತಿದ್ದದ್ದು ಇವರೇ, ಹಲವು ಕಡೆ ಮದುವೆಗೆ ವಾಲಗ ಊದುತ್ತಿದ್ದದ್ದೂ ಇವರೇ. ಇಷ್ಟಕ್ಕೂ ಸಿಗುತ್ತಿದ್ದದ್ದು ಸುಗ್ಗಿಯಲ್ಲಿ ಆಯದ ಕಾಳು. ನಮ್ಮಜ್ಜಿ ಜೋಳ ಅಳೆದು ಹಾಕುತ್ತಿದ್ದಳು, ಅವರು ಪಡಸಾಲೆಯ ಮೆಟ್ಟಿಲು ಹತ್ತದೆ ಚೀಲ ಒಡ್ಡುತ್ತಿದ್ದರು. ಈ ಪದವನ್ನು ಬೈಗುಳವಾಗಿ ನಾನು ಕಲಿತದ್ದೂ ಅದೇ ಮನೆಯಲ್ಲಿ. ಬಸವಣ್ಣನವರ ಆಪ್ತರಾಗಿದ್ದ ಹಡಪದ ಅಪ್ಪಣ್ಣನವರ ಜಯಂತಿಯನ್ನು ಸರ್ಕಾರವೇ ಆಚರಿಸುತ್ತದೆ. ಈ ಪದವನ್ನು ನಿಂದನೆಗೆ ಬಳಸಬೇಡಿ ಎಂದು ಸವಿತಾ ಸಮಾಜದವರು ವರ್ಷಗಳಿಂದ ಕೇಳುತ್ತಿದ್ದಾರೆ. ಆದರೂ ಬಾಯಿಗೆ ಬರುವುದು ಅದೇ. ಉತ್ತರದವರು 'ಮದ್ರಾಸಿ' ಎಂದರೆ ಮಾತ್ರ ನಮಗೆ ಉರಿಯುತ್ತದೆ.

ಇಲ್ಲಿನ ಕನ್ನಡಿಗರ ಗ್ರೂಪಿನಲ್ಲಿ ಇದನ್ನು ಬರೆದಾಗ ಒಬ್ಬರು, "ಮಾತಿಗೆ ಅಂದದ್ದಪ್ಪಾ, ಯಾರೂ ಜಾತಿ ನೋಡಿ ಅನ್ನೋದಿಲ್ಲ" ಎಂದರು. ನಾನೂ ನೋಡಿ ಅಂದಿರಲಿಲ್ಲ. ಗ್ರೂಪಿನಲ್ಲಿ 180 ಜನ ಇದ್ದೇವೆ. ಆ ಮಾತು ಓದಿ ಕೈ ನಿಂತವರು ಅದರಲ್ಲಿ ಎಷ್ಟು ಮಂದಿಯೋ, ಅವರೂ 'ಇರ್ಲಿ ಬಿಡ್ರಿ' ಎಂದುಕೊಂಡು ಸುಮ್ಮನಿದ್ದಾರು. ಇನ್ನೊಂದು ತಮಾಷೆ ನೋಡಿ. ನಾನು ಕತ್ತಿ ಹಿಡಿದರೆ ಆಫೀಸಿನಲ್ಲಿ ಅದು 'ಹಾಬಿ', ಫೋಟೊ ಕೇಳುತ್ತಾರೆ. ಕಾಕಾ 40 ವರ್ಷದಿಂದ ಹಿಡಿದಿದ್ದಾರೆ. ಅವರ ಮಗ ಆ ಅಂಗಡಿಯಲ್ಲಿ ಕೂರಲು ಒಲ್ಲೆ ಎಂದು ಡೆಲಿವರಿ ಕೆಲಸಕ್ಕೆ ಸೇರಿದ್ದಾನೆ. ಯಾಕೆಂದು ಕೇಳಿದ್ದಕ್ಕೆ ಕಾಕಾ, "ಅಲ್ಲಿ ಹೆಸರಿಡಿದು ಕರೀತಾರಂತ್ರೀ" ಎಂದರು.

ಈಗ ವಾರಕ್ಕೆ ಮೂರು ದಿನ ಮನೆಯಲ್ಲೇ ಕತ್ತಿ ಹಿಡಿಯುತ್ತೇನೆ. ಎರಡೂ ಕೆನ್ನೆ ಬಂದಿವೆ, ಮೇಲ್ದುಟಿ ಪರವಾಗಿಲ್ಲ. ಗದ್ದದ ಕೆಳಗಿನದು ಇನ್ನೂ ಬಂದಿಲ್ಲ. ಅಲ್ಲಿ ಕೂದಲು ಒಂದೊಂದು ದಿಕ್ಕಿಗೆ ಬೆಳೆದಿರುತ್ತದೆ. ಅದಕ್ಕೆ ಭಾನುವಾರ ಅಂಗಡಿಗೇ ಹೋಗುತ್ತೇನೆ.