ಒಂದು ಹೊಡೆತ, ಒಂದು ಗೇಟು

2021ರ ಆಗಸ್ಟ್ 7, ಶನಿವಾರ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಎಷ್ಟೋ ಮನೆಗಳಲ್ಲಿ ಟೀವಿ ಹಚ್ಚಿಯಾಗಿತ್ತು. ಗಾಲ್ಫ್ ಅಂದರೇನು ಅಂತ ಗೊತ್ತಿಲ್ಲದವರೂ ಕಣ್ಣು ಮಿಟುಕಿಸದೆ ಕೂತಿದ್ದರು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಪದಕದ ಹೊಸ್ತಿಲಲ್ಲಿ ನಿಂತಿದ್ದಳು. ಮೂರು ದಿನದ ಆಟ ಮುಗಿದಾಗ ಎರಡನೇ ಸ್ಥಾನ. ನಾಲ್ಕನೇ ದಿನ ಮುಗಿದಾಗ ನಾಲ್ಕನೇ ಸ್ಥಾನ. ಕಂಚಿಗೂ ಆಕೆಗೂ ನಡುವೆ ಉಳಿದದ್ದು ಒಂದೇ ಒಂದು ಹೊಡೆತ.

ಗಾಲ್ಫ್ ಲೆಕ್ಕ ಅಂಗಡಿ ಲೆಕ್ಕಕ್ಕೆ ಪೂರಾ ಉಲ್ಟಾ. ಇಲ್ಲಿ ಕಡಿಮೆ ಬಂದವರೇ ಗೆದ್ದವರು. ಹದಿನೆಂಟು ಕುಳಿಗೆ ಚೆಂಡು ಸೇರಿಸಲು ಎಷ್ಟು ಹೊಡೆತ ಹಿಡಿಯಿತು ಅನ್ನೋದಷ್ಟೇ ಲೆಕ್ಕ. ನಾಲ್ಕು ದಿನಕ್ಕೆ ಅಮೆರಿಕದ ನೆಲ್ಲಿ ಕೋರ್ಡಾ 267. ಜಪಾನಿನ ಮೋನೆ ಇನಾಮಿ, ನ್ಯೂಜಿಲೆಂಡಿನ ಲಿಡಿಯಾ ಕೋ ತಲಾ 268. ಅದಿತಿ 269. ಕೋರ್ಡಾ ಆಗ ಜಗತ್ತಿಗೇ ಒಂದನೇ ನಂಬರು. ಅದಿತಿಯ ನಂಬರು 200. ಅದೇ ವರ್ಷ ಕೊರೊನಾ ತಗುಲಿ ಮೈಯ ಕಸುವು ತಗ್ಗಿತ್ತು. ದೂರಕ್ಕೆ ಬೀಸಿ ಹೊಡೆಯುವವರ ಎದುರು ಈಕೆ ನೆಚ್ಚಿದ್ದು ಕುಳಿ ಹತ್ತಿರದ ಮೆಲ್ಲನೆ ತಳ್ಳುವ ಹೊಡೆತವನ್ನ. ಚೀಲ ಹೊತ್ತು ಪಕ್ಕದಲ್ಲಿ ನಡೆದದ್ದು ಹೆತ್ತ ತಾಯಿ.

ಅದೇ ಸಂಜೆ ನೀರಜ್ ಚೋಪ್ರಾ ಜಾವೆಲಿನ್‌ನಲ್ಲಿ ಚಿನ್ನ ಗೆದ್ದ. ಊರೆಲ್ಲ ಪಟಾಕಿ. ಬೆಳಗಿನ ಹುಡುಗಿ ಹಿಂದೆ ಸರಿದಳು. ಈಗಲೂ ಆಕೆಯ ಹೆಸರೆತ್ತಿದರೆ, "ಅಯ್ಯೋ, ಒಂದು ಹೊಡೆತದಲ್ಲಿ ತಪ್ಪಿಹೋಯ್ತಲ್ಲ" ಅನ್ನೋ ಮಾತೇ ಮೊದಲು. ಆ ಮಾತು ಇನ್ನು ಸಾಕು. ಕೇಳಬೇಕಾದ ಪ್ರಶ್ನೆ ಬೇರೆ. ಈ ಹುಡುಗಿ ಅಲ್ಲೀತನಕ ಹೋದದ್ದು ಹೇಗೆ?

ಅದಿತಿ ಹುಟ್ಟಿದ್ದು 1998ರಲ್ಲಿ. ಅಪ್ಪ ಅಮ್ಮ ಗಾಲ್ಫ್ ಆಡಿದವರಲ್ಲ. ಮಗಳಿಗೆ ಐದು ವರ್ಷವಿದ್ದಾಗ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದ ಪಕ್ಕದ ಹೋಟೆಲಿಗೆ ತಿಂಡಿಗೆ ಹೋಗುತ್ತಿದ್ದರು. ಅಲ್ಲಿಂದ ಆಟ ಕಂಡು ಕುತೂಹಲ ಹುಟ್ಟಿತು. ಒಂದು ದಿನ ಒಳಗೆ ಹೋದರು, ಕೋಲು ಹಿಡಿದು ನೋಡಿದರು. ಅಷ್ಟೇ ಆದದ್ದು. 2011ರಲ್ಲಿ, ಹದಿಮೂರನೇ ವಯಸ್ಸಿಗೆ, ರಾಷ್ಟ್ರೀಯ ಅಮೆಚೂರ್ ಪ್ರಶಸ್ತಿ ಅವಳ ಕೈಯಲ್ಲಿತ್ತು.

2016ರ ಜನವರಿಯಲ್ಲಿ, ಹದಿನೆಂಟು ತುಂಬುವ ಮೊದಲೇ, ಆಟವನ್ನೇ ವೃತ್ತಿ ಮಾಡಿಕೊಂಡಳು. ಈ ವೃತ್ತಿ ಅಂದರೆ ಏನು ಅನ್ನೋದು ವ್ಯಾಪಾರಸ್ಥರಿಗೆ ಬೇಗ ಅರ್ಥವಾಗುತ್ತೆ. ತಿಂಗಳ ಸಂಬಳವಿಲ್ಲ. ವಾರಕ್ಕೊಂದು ಊರು, ಹೊಸ ಮೈದಾನ. ವಿಮಾನದ ಖರ್ಚು, ಉಳಿಯುವ ಖರ್ಚು, ಚೀಲ ಹೊರುವವರ ಕೂಲಿ ಎಲ್ಲ ಕೈಯಿಂದಲೇ. ಎರಡು ದಿನದ ಆಟ ಆದಮೇಲೆ ಹಿಂದೆ ಬಿದ್ದವರನ್ನು ಮನೆಗೆ ಕಳಿಸುತ್ತಾರೆ. ಸಾಮಾನ್ಯವಾಗಿ ಆ ವಾರದ ಗಳಿಕೆ ಸೊನ್ನೆ. ಮುಂದಿನ ವಾರ ಮತ್ತೆ ಬಾಗಿಲು ತೆಗೆಯಲೇಬೇಕು.

ಆ ಮೊದಲ ವರ್ಷವೇ ರಿಯೊ ಒಲಿಂಪಿಕ್ಸ್ ಆಡಿದಳು. ಅಲ್ಲಿ ಚೀಲ ಹೊತ್ತದ್ದು ಅಪ್ಪ. ನವೆಂಬರಿನಲ್ಲಿ ಗುರುಗ್ರಾಮದ ಇಂಡಿಯನ್ ಓಪನ್ ಗೆದ್ದಳು. ಮಹಿಳೆಯರ ಯುರೋಪಿಯನ್ ಟೂರಿನಲ್ಲಿ ಪ್ರಶಸ್ತಿ ಗೆದ್ದ ಮೊದಲ ಭಾರತೀಯಳು ಈಕೆಯೇ. ಎರಡೇ ವಾರಕ್ಕೆ ಕತಾರ್. 2017ರಲ್ಲಿ ಅಬುಧಾಬಿ. 2023ರಲ್ಲಿ ಕೀನ್ಯಾ, ಸ್ಪೇನ್. 2024ರ ಪ್ಯಾರಿಸ್ ಸೇರಿ ಮೂರು ಒಲಿಂಪಿಕ್ಸ್. ಇಷ್ಟೆಲ್ಲ ಗೆದ್ದವಳನ್ನು ಸೋತ ಒಂದು ಹೊಡೆತದಿಂದ ಗುರುತಿಸೋದು ಯಾವ ನ್ಯಾಯ?

2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಕತೆಯೂ ಹೀಗೇ. ಮೂರನೇ ದಿನ 61 ಹೊಡೆತಕ್ಕೆ ಆಟ ಮುಗಿಸಿ ಏಳು ಹೊಡೆತ ಮುಂದಿದ್ದಳು. ಕೊನೇ ದಿನ ಕೈ ಕೊಟ್ಟಿತು, 77 ಆಯಿತು, ಚಿನ್ನ ಥಾಯ್ಲೆಂಡಿನವಳ ಪಾಲಾಯಿತು. "ಚಿನ್ನ ಕಳಕೊಂಡಳು" ಅಂದರು ಜನ. ಏಷ್ಯನ್ ಕ್ರೀಡಾಕೂಟದ ಗಾಲ್ಫ್‌ನಲ್ಲಿ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅನ್ನೋದು ಎಷ್ಟು ಜನರ ಕಿವಿಗೆ ಬಿತ್ತು?

ಇನ್ನೊಂದು ಸಂಗತಿ ಅದಕ್ಕಿಂತ ದೊಡ್ಡದು. ಆ ಭಾರತ ತಂಡದ ಮೂವರು ಹುಡುಗಿಯರೂ ಕರ್ನಾಟಕದವರು. ಅದಿತಿ ಮತ್ತು ಅವನಿ ಪ್ರಶಾಂತ್ ಬೆಂಗಳೂರಿನವರು, ಪ್ರಣವಿ ಅರಸ್ ಮೈಸೂರಿನವಳು. ಉಳಿದ ಜಿಲ್ಲೆಗಳ ಹುಡುಗಿಯರಿಗೆ ರಟ್ಟೆಯಲ್ಲಿ ಬಲವಿಲ್ಲವೇ? ಹಾಗಲ್ಲ. ಬೆಂಗಳೂರು ಮೈಸೂರುಗಳಲ್ಲಿ ಗಾಲ್ಫ್ ಮೈದಾನ ಇದೆ, ಅಲ್ಲಿಂದ ಆಟಗಾರ್ತಿಯರು ಬಂದರು. ಸಂಗತಿ ಇಷ್ಟು ಸರಳ.

ಹಾಗಂತ ಜಿಲ್ಲೆಗೊಂದು ಗಾಲ್ಫ್ ಮೈದಾನ ಕೊಡಿ ಅಂತ ಕೇಳೋದು ಮೂರ್ಖತನ. ಅದಕ್ಕೆ ನೂರು ಎಕರೆಯ ಹತ್ತಿರ ಜಮೀನು ಬೇಕು, ಹುಲ್ಲಿಗೆ ದಿನವೂ ನೀರು ಬೇಕು. ಕುಡಿಯುವ ನೀರಿಗೇ ಕೊಡ ಹಿಡಿದು ನಿಲ್ಲುವ ಓಣಿಗಳಿರುವಾಗ ಆ ಮಾತು ಸಲ್ಲ. ಗಾಲ್ಫ್ ಬಡವರ ಆಟವಲ್ಲ ಅನ್ನೋದೂ ನಿಜ.

ಆದರೆ ಇರುವ ಮೈದಾನಗಳ ಗತಿ ಏನು? ಬಸ್ಸಿನ ಕಿಟಕಿಯಿಂದ ದಿನವೂ ನೋಡುವವರಿಗೆ ಗೊತ್ತು. ವಸ್ತುಪ್ರದರ್ಶನ, ರಾಜಕೀಯ ಸಭೆ, ಮದುವೆಗೆ ಬಂದವರ ಕಾರು, ಇಷ್ಟಕ್ಕೆ ಗೇಟು ತೆರೆಯುತ್ತೆ. ಶಾಲೆ ಬಿಟ್ಟ ಮಕ್ಕಳು ಬಂದರೆ ಬೀಗ. ಗಂಡು ಹುಡುಗರು ಕಾಂಪೌಂಡ್ ಹಾರಿಯಾದರೂ ಒಳಗೆ ಹೋಗುತ್ತಾರೆ. ಹೆಣ್ಣುಮಕ್ಕಳು ಏನು ಮಾಡಬೇಕು? ಒಳಗೆ ಹೋದರೂ ದೀಪವಿಲ್ಲ, ಶೌಚಾಲಯವಿಲ್ಲ. ಕತ್ತಲಾಗುವ ಮುಂಚೆ ಮನೆ ಸೇರು ಅನ್ನುವ ತಾಯಿಯನ್ನು ದೂರಲು ಸಾಧ್ಯವೇ?

ಕೇಳುತ್ತಿರುವುದು ಕೋಟಿಗಟ್ಟಲೆ ಹಣವಲ್ಲ. ನಗರಸಭೆ ಮತ್ತು ಕ್ರೀಡಾ ಇಲಾಖೆ ಕೂಡಿ ಪ್ರತಿ ಮೈದಾನದ ಗೇಟಿಗೆ ಒಂದು ಬೋರ್ಡು ಹಾಕಲಿ: ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ ಹೆಣ್ಣುಮಕ್ಕಳಿಗೆ. ಬೋರ್ಡಿನ ಜೊತೆ ನಾಲ್ಕು ದೀಪ, ನೀರಿರುವ ಒಂದು ಶೌಚಾಲಯ, ಬೀಗದ ಕೈ ಹಿಡಿದ ಒಬ್ಬ ಜವಾಬ್ದಾರಿಯ ಮನುಷ್ಯ.

ತಿಂಡಿಗೆ ಬಂದ ಮಗು ಪಕ್ಕದ ಗೇಟಿನೊಳಗೆ ಹೋಗಿದ್ದರಿಂದ ದೇಶಕ್ಕೆ ಒಬ್ಬ ಅದಿತಿ ಸಿಕ್ಕಳು. ಅಂದು ಆ ಗೇಟಿಗೆ ಬೀಗ ಇದ್ದಿದ್ದರೆ ಒಂದು ಹೊಡೆತದಲ್ಲಿ ತಪ್ಪಿತು ಅಂತ ಮರುಗುವ ಭಾಗ್ಯವೂ ಇರುತ್ತಿರಲಿಲ್ಲ.