ಮುದ್ದೆ ಉಳಿಯಿತು, ಬೆರಕೆ ಸೊಪ್ಪು ಹೋಯಿತು

ನಮ್ಮ ಕಡೆ ಯಾರಿಗಾದರೂ ಶುಗರ್ ಬಂತು ಅಂದರೆ ನೆಂಟರು, ನೆರೆಯವರು ಹೇಳುವ ಮೊದಲ ಮಾತು ಒಂದೇ: "ಅನ್ನ ಬಿಡು, ಮುದ್ದೆ ಉಣ್ಣು." ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಈ ಅರ್ಧ ನಿಜವನ್ನು ನಂಬಿ ಮಾತ್ರೆ ಬಿಟ್ಟು ರಾಗಿ ಮಾಲ್ಟ್ ಹಿಡಿದವರನ್ನು ನೀವೂ ಕಂಡಿರುತ್ತೀರಿ. ಅಪಾಯ ಇರುವುದು ಅಲ್ಲೇ.

ಲೆಕ್ಕ ನೋಡೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಪಾಲಿಶ್ ಅಕ್ಕಿಯಲ್ಲಿ ಸುಮಾರು 356. ಅಂಥಾ ದೊಡ್ಡ ಅಂತರವೇನಿಲ್ಲ. ಅಂತರ ಇರುವುದು ನಾರಿನಲ್ಲಿ. ರಾಗಿಯಲ್ಲಿ ಸುಮಾರು 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ನಾರು ಇದ್ದರೆ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಆದರೆ ಅದೇ ರಾಗಿಯನ್ನು ನುಣ್ಣಗೆ ಬೀಸಿ, ಜರಡಿ ಹಿಡಿದು, ತೆಳ್ಳಗೆ ಕಾಯಿಸಿ, ಮೇಲೆ ಬೆಲ್ಲ ಹಾಕಿ ಕುಡಿದರೆ ಶುಗರ್ ಬೇಗ ಏರುತ್ತದೆ. ಬೆಲ್ಲವಾದರೂ ಸಕ್ಕರೆಯಾದರೂ ರಕ್ತಕ್ಕೆ ಎರಡೂ ಒಂದೇ.

ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅನ್ನುತ್ತಾರೆ ಹಿರಿಯರು. ನಾವು ಹಿಟ್ಟನ್ನು ನೆನಪಿಟ್ಟೆವು, ಬೆಟ್ಟ ಕೀಳುವುದನ್ನು ಮರೆತೆವು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಬಳ್ಳಾರಿ ರಸ್ತೆಯ ಅಕ್ಕಪಕ್ಕದ ಹೊಲಗಳು ಒಂದೊಂದಾಗಿ ಲೇಔಟ್ ಆದವು. ನೇಗಿಲು ಹಿಡಿದವರ ಮಕ್ಕಳು ಅದೇ ಲೇಔಟಿನ ಗೇಟಿನಲ್ಲಿ ಸೆಕ್ಯುರಿಟಿ, ಇಲ್ಲವೇ ಟ್ಯಾಕ್ಸಿ ಡ್ರೈವರ್. ದಿನಕ್ಕೆ ಹತ್ತು ಹನ್ನೆರಡು ಗಂಟೆ ಕೂತೇ ಕೆಲಸ. ಮುದ್ದೆ ಮಾತ್ರ ಅಪ್ಪನ ಕಾಲದ ಗಾತ್ರದ್ದೇ. ಅದರ ಮೇಲೆ ಒಂದು ತಟ್ಟೆ ಅನ್ನ ಬೇರೆ.

ಹೊಲದ ಜತೆ ಇನ್ನೊಂದೂ ಹೋಯಿತು. ರಾಗಿ ಹೊಲದ ನಡುನಡುವೆ ಅಕ್ಕಡಿ ಸಾಲು ಇರುತ್ತಿತ್ತು. ಅವರೆ, ತೊಗರಿ, ಅಲಸಂದೆ, ಸಾಸಿವೆ, ಹುಚ್ಚೆಳ್ಳು ಅಲ್ಲೇ ಬೆಳೆಯುತ್ತಿದ್ದವು. ಬದುವಿನಲ್ಲಿ ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಹೊನಗೊನೆ ಪುಕ್ಕಟೆ ಸಿಗುತ್ತಿದ್ದವು. ಹೆಂಗಸರು ಮಡಿಲು ತುಂಬ ಬೆರಕೆ ಸೊಪ್ಪು ಕಿತ್ತು ತಂದರೆ ಬಸ್ಸಾರು ಆಗುತ್ತಿತ್ತು. ಕಟ್ಟಿನಿಂದ ಸಾರು, ಬಸಿದ ಕಾಳು ಸೊಪ್ಪಿನಿಂದ ಪಲ್ಯ. ಮುದ್ದೆಯ ಸಕ್ಕರೆಯನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ಈ ಕಾಳು, ಈ ಸೊಪ್ಪು. ಈಗ ರಾಗಿ ಅಂಗಡಿಯಲ್ಲಿ ಸಿಗುತ್ತದೆ, ಅಕ್ಕಡಿ ಸಾಲು ಸಿಗುವುದಿಲ್ಲ. ಮುದ್ದೆಗೆ ಜತೆಯಾಗಿರುವುದು ಟೊಮೆಟೊ ತಿಳಿಸಾರು.

ಹಾಗಾಗಿ ನನ್ನ ವಾದ ಇಷ್ಟೇ: ಶುಗರ್ ಇರುವವರಿಗೆ "ರಾಗಿ ತಿನ್ನಿ" ಎಂದಷ್ಟೇ ಹೇಳಿ ಕಳಿಸುವುದನ್ನು ಎಲ್ಲರೂ ನಿಲ್ಲಿಸಬೇಕು, ಆಸ್ಪತ್ರೆಯವರೂ ಸೇರಿ. ಹೇಳಬೇಕಾದ್ದು ಇಡೀ ತಟ್ಟೆಯ ಮಾತು. ಅರ್ಧ ತಟ್ಟೆ ಸೊಪ್ಪು ತರಕಾರಿ, ಕಾಲು ಭಾಗ ಕಾಳು, ಬೇಳೆ ಅಥವಾ ಮೊಟ್ಟೆ, ಮೀನು. ಉಳಿದ ಕಾಲು ಭಾಗಕ್ಕೆ ಚಿಕ್ಕ ಮುದ್ದೆ, ಇಲ್ಲವೇ ಅನ್ನ. ಎರಡೂ ಬೇಡ. ಪಲ್ಯ ಮೊದಲು ತಿನ್ನಿ, ಮುದ್ದೆ ಆಮೇಲೆ. ಅಂಬಲಿ ಬೇಕಿದ್ದರೆ ಬೆಲ್ಲ ಬಿಟ್ಟು ಮಜ್ಜಿಗೆ, ಉಪ್ಪು ಹಾಕಿ, ಒಂದು ಲೋಟಕ್ಕೆ ನಿಲ್ಲಿಸಿ. ಟೀ ಲೆಕ್ಕವನ್ನೂ ಹಾಕಿ. ದಿನಕ್ಕೆ ಐದು ಟೀ, ಒಂದೊಂದಕ್ಕೆ ಎರಡು ಚಮಚ ಅಂದರೆ ಹತ್ತು ಚಮಚ, 40 ಗ್ರಾಂಗೂ ಮೇಲೆ ಸಕ್ಕರೆ. ಉಂಡ ಮೇಲೆ ಹದಿನೈದು ನಿಮಿಷ ನಡೆಯಿರಿ. ಕಿಡ್ನಿ ತೊಂದರೆ ಇರುವವರು ಕಾಳು ಎಷ್ಟು ತಿನ್ನಬಹುದೆಂದು ಡಾಕ್ಟರನ್ನು ಕೇಳಿಯೇ ತಿನ್ನಬೇಕು. ಮಾತ್ರೆಯನ್ನಂತೂ ನಾವಾಗಿ ನಿಲ್ಲಿಸುವಂತಿಲ್ಲ. ಮಾತ್ರೆ ನುಂಗಿ ಉಪವಾಸ ಕೂತರೂ ಕಷ್ಟ, ಶುಗರ್ ಕುಸಿದು ಬೀಳಬಹುದು.

"ಸೊಪ್ಪಿಗೆ ದುಡ್ಡೆಲ್ಲಿ?" ಎಂಬ ಪ್ರಶ್ನೆ ನ್ಯಾಯವಾದದ್ದೇ. 2013ರಲ್ಲಿ ಬಂದ ಅನ್ನಭಾಗ್ಯ ಹಸಿವು ನೀಗಿಸಿತು, ಅದನ್ನು ಹೀಗಳೆಯಲಾರೆ. ಆದರೆ ಹೊಟ್ಟೆ ತುಂಬಿಸಿದ ರೇಷನ್ ಕಾರ್ಡಿನಲ್ಲೇ ತಿಂಗಳು ತಪ್ಪದೆ ಹುರುಳಿ, ಅವರೆ, ತೊಗರಿಯೂ ಸಿಗಬೇಕು. ಪಂಚಾಯಿತಿಗಳು ಖಾಲಿ ಜಾಗದಲ್ಲಿ ಮಹಿಳಾ ಸಂಘಗಳಿಗೆ ಸೊಪ್ಪು ಬೆಳೆಯಲು ಬಿಡಬೇಕು. ಜಿಪಿಯು-28 ರಾಗಿ ತಳಿ ಕೊಟ್ಟ ಜಿಕೆವಿಕೆ ಹೆಬ್ಬಾಳ–ಯಲಹಂಕದ ನಡುವೆಯೇ ಇದೆ. ಮನೆ ಹಿತ್ತಲಿಗೊಂದು ಅಕ್ಕಡಿ ಸಾಲು ಕಲಿಸುವುದು ಅವರಿಗೆ ಕಷ್ಟವಲ್ಲ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಹೊಸ್ತಿಲಲ್ಲಿ ಇರುವವರು ಊಟ, ನಡಿಗೆ, ತೂಕ ಸರಿಮಾಡಿಕೊಂಡು ಹಿಂದಕ್ಕೆ ಬರಲು ಸಾಧ್ಯವಿದೆ. ಆದರೆ ತಾವು ಹೊಸ್ತಿಲಲ್ಲಿದ್ದೇವೆ ಅನ್ನುವುದು ಗೊತ್ತಾಗಬೇಕಲ್ಲ! 30 ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಉಚಿತ. ಖಾಲಿ ಹೊಟ್ಟೆಯಲ್ಲಿ 100ರಿಂದ 125 ಬಂದರೆ ಹೊಸ್ತಿಲು. 126 ಅಥವಾ ಮೇಲೆ ಬಂದರೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ ಡಾಕ್ಟರನ್ನು ಕಾಣಬೇಕು. ಈ ವಾರ ಹೋಗುವಾಗ ಮನೆಯ ಹೆಂಗಸರನ್ನೂ ಕರೆದುಕೊಂಡು ಹೋಗಿ. ಎಲ್ಲರಿಗೂ ಬಡಿಸಿ, ಮಿಕ್ಕ ಅನ್ನ ಸಾರಿನಲ್ಲೇ ಊಟ ಮುಗಿಸುವವರು ಅವರು.